ಗುಳಿಗೆ ಸುಲಿದ ಕೈ

"ಯಾವ ಗುಳಿಗೆ ತಗೊಳ್ತೀರಿ?" ಅಂತ ಒಂದೂವರೆ ವರ್ಷದಲ್ಲಿ ನನ್ನನ್ನು ನಾಲ್ಕು ಜನ ಡಾಕ್ಟರು ಕೇಳಿದ್ದಾರೆ. ನಾಲ್ವರಿಗೂ ಒಂದೇ ಉತ್ತರ ಕೊಟ್ಟೆ. "ಯಾವೂ ಇಲ್ರಿ. ತಲಿನೋವಿಗೂ ನುಂಗಾಕಿ ಅಲ್ಲ ನಾನು." ಅದು ಸುಳ್ಳಲ್ಲ. ನಾನು ಗುಳಿಗೆ ನುಂಗುತ್ತಿರಲಿಲ್ಲ, ಸುಲಿಯುತ್ತಿದ್ದೆ.

ನನ್ನ ಹೆಸರು ಹುಲಿಗೆಮ್ಮ. ತವರು ಬಾದನಹಟ್ಟಿ, ಕೊಟ್ಟ ಊರು ಸಿರಿಗೇರಿ, ಸಂಸಾರ ಮಾತ್ರ ಬಳ್ಳಾರಿಯ ಕೌಲ್ ಬಜಾರಿನ ಒಂದು ಗಲ್ಲಿಯಲ್ಲಿ. ನಮ್ಮ ಮನೆಯವರು, ತಿಪ್ಪೇಶ ಅಂತ, ಆಟೊ ಓಡಿಸುತ್ತಾರೆ. ಅತ್ತೆ ಈರಮ್ಮ ನಮ್ಮ ಜೊತೆಗೇ ಇರುತ್ತಾಳೆ. ಮದುವೆಯಾಗಿ ಹನ್ನೆರಡು ವರ್ಷವಾದರೂ ಮಕ್ಕಳಾಗಿಲ್ಲ. ಅದನ್ನು ಹೇಳಿಕೊಂಡು ಅಳುವ ಚಟ ನನಗಿಲ್ಲ, ಆದರೆ ಮುಂದೆ ಆ ಮಾತು ಬರುತ್ತದೆ, ಅದಕ್ಕೇ ಹೇಳಿದೆ.

ಗುಜರಿ ಅಂಗಡಿಯ ಶೇಷಪ್ಪ ವಾರಕ್ಕೆರಡು ಸಲ ನಮ್ಮ ಮನೆಗೆ ಚೀಲ ತಂದು ಹಾಕುತ್ತಿದ್ದ. ಚೀಲದ ತುಂಬ ದಿನ ಮುಗಿದ ಗುಳಿಗೆಗಳ ಶೀಟು. ಎಲ್ಲಿಂದ ತರುತ್ತಿದ್ದ ಅಂತ ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಅವನಿಗೆ ಬೇಕಾದದ್ದು ಶೀಟಿನ ತಗಡು ಮತ್ತು ಪ್ಲಾಸ್ಟಿಕ್ಕು. ನಾವು ಒಂದೊಂದೇ ಶೀಟು ಬಿಡಿಸಿ, ತಗಡು ಒಂದು ಕಡೆ, ಪ್ಲಾಸ್ಟಿಕ್ಕು ಇನ್ನೊಂದು ಕಡೆ ಮಾಡಬೇಕು. ಉದುರಿದ ಗುಳಿಗೆಯನ್ನು ಟಬ್ಬಿನ ನೀರಿನಲ್ಲಿ ಕರಗಿಸಿ ಚರಂಡಿಗೆ ಬಿಡಬೇಕು. "ಔಷಧಿ ಅಲ್ಲೇನಮ್ಮ ಇದು, ವಿಷ ಏನಲ್ಲ. ಏಂ ಕಾದು," ಎಂದಿದ್ದ ಮೊದಲ ದಿನ. ಏನೂ ಆಗಲ್ಲ ಅನ್ನುವುದನ್ನು ತೆಲುಗಿನಲ್ಲಿ ಹೇಳಿದರೆ ನಮ್ಮ ಗಲ್ಲಿಯಲ್ಲಿ ಅದಕ್ಕೊಂದು ತೂಕ ಜಾಸ್ತಿ. ನಾವೂ ನಂಬಿದೆವು. ರೋಗ ವಾಸಿ ಮಾಡುವ ವಸ್ತು ಮುಟ್ಟಿದರೆ ರೋಗ ಬರುತ್ತದೆ ಅಂತ ಯಾರಿಗೆ ತಾನೆ ಹೊಳೆಯುತ್ತದೆ?

ಈ ಕೆಲಸಕ್ಕೆ ಸುಲಿಯೋದು ಅಂತ ಹೆಸರಿಟ್ಟವಳು ಅತ್ತೆ. ಶೇಂಗಾ ಸುಲಿದು ಬೆಳೆದ ಕೈ ನಮ್ಮವು. ಬಿತ್ತನೆಗೆ ಮುಂಚೆ ಬೀಜದ ಕಾಯಿಯನ್ನು ಕೈಯಿಂದಲೇ ಸುಲಿಯಬೇಕು, ಬಡಿದರೆ ಬೀಜದ ಸಿಪ್ಪೆ ಕಿತ್ತು ಬರುತ್ತದೆ. ಬಾದನಹಟ್ಟಿಯಲ್ಲಿ ನಮ್ಮವ್ವ, ಚಿಕ್ಕಮ್ಮಂದಿರ ಜೊತೆ ಕಟ್ಟೆಯ ಮೇಲೆ ಕೂತು ರಾಶಿಗಟ್ಟಲೆ ಸುಲಿದಿದ್ದೇನೆ. ಹೆಬ್ಬೆರಳು ಸೋತಾಗ, ಕಾಯಿ ಗಟ್ಟಿಯಿದ್ದಾಗ, ಅದು ಹಲ್ಲಿಗೆ ಹೋಗುತ್ತದೆ. ಹೇಳಿಕೊಡಬೇಕಿಲ್ಲ. ಕಟ್ ಅಂತ ಕಚ್ಚಿ, ಬೀಜ ಬುಟ್ಟಿಗೆ, ಸಿಪ್ಪೆ ತೊಡೆಯ ಪಕ್ಕಕ್ಕೆ.

ಗುಳಿಗೆಯ ಶೀಟಿನಲ್ಲೂ ಎರಡು ಜಾತಿ. ಒಂದು ಕಡೆ ಪ್ಲಾಸ್ಟಿಕ್ಕು ಇದ್ದರೆ ಹೆಬ್ಬೆರಳಿಂದ ಒತ್ತಿದರೆ ಸಾಕು, ಟಪ್ಪಂತ ಉದುರುತ್ತದೆ. ಎರಡೂ ಕಡೆ ತಗಡು ಇದ್ದರೆ ಹರಿಯಬೇಕು. ಅವನ್ನು ಅತ್ತೆ ನನ್ನ ಕಡೆ ತಳ್ಳುತ್ತಿದ್ದಳು. "ನಂಗ ಮುಂದಿನ ಹಲ್ಲಿಲ್ಲ. ನಿನ್ನವು ಗಟ್ಟಿ ಅದಾವು, ನೀ ಕಚ್ಚು." ನಾನು ಕಚ್ಚುತ್ತಿದ್ದೆ. ಒಂದು ಜಾತಿಯ ಗುಳಿಗೆ ಬಹಳ ಬರುತ್ತಿತ್ತು, ಸಾಸಿವೆಗಿಂತ ಒಂದಿಷ್ಟು ದೊಡ್ಡದು, ಬಿಳಿ, ಹಳೆಯದಾಗಿ ಪುಡಿ ಪುಡಿ ಆಗಿರುತ್ತಿತ್ತು. ಕಚ್ಚಿದಾಗ ತುಟಿಗೆ, ನಾಲಿಗೆಗೆ ಕಹಿ ಪುಡಿ ಹತ್ತುತ್ತಿತ್ತು. ಸೆರಗಿನಿಂದ ಒರೆಸಿಕೊಳ್ಳುತ್ತಿದ್ದೆ. ಅತ್ತೆ ಅದೇ ಕೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ ದವಡೆಗೆ ಇಡುತ್ತಿದ್ದಳು.

ಎಂಟು ತಿಂಗಳಾಗುವ ಹೊತ್ತಿಗೆ ನನ್ನ ಮುಖ ತುಂಬಿಕೊಂಡಿತು. ಗಲ್ಲಿಯಲ್ಲಿ ಎಲ್ಲರೂ, "ಏನ್ ಹುಲಿಗೆಮ್ಮ, ಗಂಡ ಚಲೋ ನೋಡಿಕೊಳ್ಳಾಕತ್ತಾನ," ಎಂದು ನಗುತ್ತಿದ್ದರು. ಹೊಟ್ಟೆ ಮುಂದೆ ಬಂತು. ಮುಟ್ಟು ನಿಂತಿತು. ಒಂದು ತಿಂಗಳು, ಎರಡು ತಿಂಗಳು. ನಾನು ಯಾರಿಗೂ ಹೇಳಲಿಲ್ಲ, ಆದರೆ ಒಂದೇ ಬಚ್ಚಲು ಇರುವ ಮನೆಯಲ್ಲಿ ಇಂಥವು ಮುಚ್ಚಿಡಲು ಬರುವುದಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಅತ್ತೆ ನನ್ನ ತಟ್ಟೆಗೆ ತನ್ನ ಪಾಲಿನ ಮೊಸರನ್ನೂ ಸುರಿದಳು. ಮಾರನೇ ದಿನದಿಂದ ನೀರಿನ ಕೊಡ ಎತ್ತಲು ಬಿಡಲಿಲ್ಲ.

ಪಕ್ಕದ ಕ್ಲಿನಿಕ್ಕಿನಲ್ಲಿ ಪರೀಕ್ಷೆ ಮಾಡಿಸಿದೆವು. ಇಲ್ಲ ಅಂದರು. ಇನ್ನೊಂದು ಕಡೆ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದೆವು. ಅಲ್ಲೂ ಇಲ್ಲ ಅಂದರು, ಬೊಜ್ಜು ಅಂದರು, ಸಕ್ಕರೆ ಕಾಯಿಲೆ ಶುರುವಾಗಿದೆ ಅಂದರು. ಆಟೊದಲ್ಲಿ ವಾಪಸ್ಸು ಬರುವಾಗ ನಮ್ಮ ಮನೆಯವರು ಕನ್ನಡಿಯಲ್ಲಿ ನನ್ನನ್ನು ನೋಡಲಿಲ್ಲ. ಅತ್ತೆ ಮನೆಯ ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿ ಒಳಗೆ ಹೋಗಿ ಚೀಲ ಬಿಚ್ಚಿ ಕೂತಳು. ನಾನೂ ಹೋಗಿ ಕೂತೆ. ಆ ಸಂಜೆ ನಾವಿಬ್ಬರೂ ಒಂದು ಚೀಲ ಪೂರ್ತಿ ಸುಲಿದೆವು. ಅಳು ಬರಬೇಕಿತ್ತು, ಬರಲಿಲ್ಲ. ಅವತ್ತಿಂದಲೇ ನನ್ನೊಳಗೆ ಏನೋ ಮರಗಟ್ಟಿತು ಅಂತ ಈಗ ಅನಿಸುತ್ತದೆ.

ಆಮೇಲೆ ಒಂದೊಂದಾಗಿ ಬಂದವು. ಹೊಟ್ಟೆಯ ಮೇಲೆ ನೇರಳೆ ಬಣ್ಣದ ಗೆರೆ. ಬಾಗಿಲು ತಾಕಿದರೂ ಕೈ ಕಪ್ಪುಗಟ್ಟುವುದು. ನೆಲದ ಮೇಲೆ ಕೂತರೆ ಗೋಡೆ ಹಿಡಿಯದೆ ಏಳಲಾಗದು. ಅತ್ತೆಗೆ ಮಾತ್ರ ಉಲ್ಟಾ. ಹತ್ತು ವರ್ಷದಿಂದ ಮೊಣಕಾಲು ಹಿಡಿದುಕೊಂಡು ನರಳುತ್ತಿದ್ದವಳು ಈಗ ಸರಸರ ಓಡಾಡುತ್ತಿದ್ದಳು. "ನೋಡಲೇ, ಕೆಲಸ ಮಾಡಿದ್ರ ಮೈ ಹಗುರ ಆಗ್ತೈತಿ. ನಿಮ್ಮ ಮಾವ ಹೇಳ್ತಿದ್ದ, ನಾ ಕೇಳಲಿಲ್ಲ," ಎನ್ನುತ್ತಿದ್ದಳು. ಅವಳ ಮುಖವೂ ಗುಂಡಗಾಗಿತ್ತು. ವಯಸ್ಸಾದವರು ದಪ್ಪಗಾದರೆ ಯಾರು ಕೇಳುತ್ತಾರೆ?

ಒಂದು ಮಧ್ಯಾಹ್ನ ಮಾಲಿನ್ಯದ ಆಫೀಸಿನವರು ಬಂದರು. ಚರಂಡಿ ನೀರು ಒಂದು ದಿನ ಬಿಳಿ, ಒಂದು ದಿನ ಗುಲಾಬಿ ಹರಿಯುತ್ತದೆ ಅಂತ ಯಾರೋ ಅರ್ಜಿ ಕೊಟ್ಟಿದ್ದರಂತೆ. ಬಾಟಲಿಯಲ್ಲಿ ನೀರು ತುಂಬಿಕೊಂಡು, ಚೀಟಿ ಅಂಟಿಸಿಕೊಂಡು ಹೋದರು. ನಮ್ಮ ಬಾಗಿಲು ತಟ್ಟಲಿಲ್ಲ, ಆದರೆ ಒಂದು ಗಂಟೆಯೊಳಗೆ ಶೇಷಪ್ಪ ಬಂದು ಚೀಲ, ಟಬ್ಬು, ಉದುರಿದ ಪುಡಿ ಎಲ್ಲ ಗುಡಿಸಿಕೊಂಡು ಹೋದ. "ಯಾರು ಕೇಳಿದ್ರೂ ಮನಿ ಕೆಲಸ ಅನ್ರಿ. ಕೇಸಾದ್ರ ಮನಿ ಯಾರದೈತೋ ಅವರ ಮ್ಯಾಲ ಆಗ್ತೈತಿ," ಎಂದ. ನಮ್ಮ ಮನೆಯವರು ಹೆದರಿದರು. ಅತ್ತೆಯನ್ನು ಸಿರಿಗೇರಿಯಲ್ಲಿ ನಾದಿನಿಯ ಮನೆಗೆ ಬಿಟ್ಟು ಬಂದರು. ಆಟೊ ಹತ್ತುವಾಗ ಅತ್ತೆ ನನ್ನ ಕೈ ಹಿಡಿದು ಹೇಳಿದಳು. "ಎಲ್ಲೂ ನನ್ನ ಹೆಸರು ತೆಗೀಬ್ಯಾಡ. ಆಸ್ಪತ್ರಿ, ಪೊಲೀಸು ನಂಗ ಬ್ಯಾಡ. ನಿಮ್ಮ ಮಾವ ಆಸ್ಪತ್ರಿಗೆ ಹೋದಾಂವ ಮನಿಗೆ ಬರಲಿಲ್ಲ. ಆಣಿ ಮಾಡು." ಆಣೆ ಮಾಡಿದೆ.

ಕೆಲಸ ನಿಂತ ನಾಲ್ಕನೇ ದಿನಕ್ಕೆ ನನಗೆ ವಾಂತಿ ಹತ್ತಿತು. ಆರನೇ ದಿನ ಬಚ್ಚಲಲ್ಲಿ ಬಿದ್ದೆ. ಗೋಡೆ ತಣ್ಣಗಿತ್ತು, ಅದಕ್ಕೆ ಕೆನ್ನೆ ಒತ್ತಿಕೊಂಡು ಅಲ್ಲೇ ಇದ್ದುಬಿಡೋಣ ಅನಿಸಿತು. ನಮ್ಮ ಮನೆಯವರು ಎತ್ತಿ ಆಟೊದಲ್ಲಿ ಹಾಕಿಕೊಂಡು ದೊಡ್ಡ ಆಸ್ಪತ್ರೆಯೊಂದಕ್ಕೆ ಹೋದರು.

ಆಸ್ಪತ್ರೆಯಲ್ಲಿ ಕಾದ ಹೊತ್ತಿನದು ನನಗೆ ನೆನಪಿರುವುದು ಕಡಿಮೆ. ಕಬ್ಬಿಣದ ಬೆಂಚು. ಎದುರಿಗೆ ಕುರುಗೋಡಿನಿಂದ ಬಂದಿದ್ದ ಒಬ್ಬ ಮುದುಕಿ ನನ್ನನ್ನೇ ನೋಡುತ್ತಿದ್ದಳು. ಕೊನೆಗೆ ಎದ್ದು ಬಂದು ತನ್ನ ಟವೆಲ್ಲನ್ನು ಮಡಚಿ ನನ್ನ ತಲೆ ಕೆಳಗೆ ಇಟ್ಟಳು. "ಕಬ್ಬಿಣ ಚುಚ್ಚತೈತಿ ತಾಯಿ," ಅಂದಳು, ಅಷ್ಟೇ. ಅವಳ ಚೀಟಿ ಬಂದಾಗ ಟವೆಲ್ಲು ಬಿಟ್ಟೇ ಒಳಗೆ ಹೋದಳು. ಅದು ಇವತ್ತಿಗೂ ನಮ್ಮ ಮನೆಯಲ್ಲಿದೆ, ಹೆಸರು ಮಾತ್ರ ಕೇಳಲಿಲ್ಲ.

ಒಳಗೆ ಹಾಕಿಕೊಂಡರು. ಸಲೈನು ಏರಿಸಿದರು. ಬೆಳಿಗ್ಗೆ ಎಂಟಕ್ಕೆ ರಕ್ತ ತೆಗೆದರು. ನನ್ನನ್ನು ನೋಡುತ್ತಿದ್ದ ಡಾಕ್ಟ್ರಮ್ಮ ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ರಿಪೋರ್ಟು ಹಿಡಿದುಕೊಂಡು ಬಂದು ನನ್ನ ಮುಖ, ಕತ್ತಿನ ಹಿಂದಿನ ಗಡ್ಡೆಯಂಥ ಕೊಬ್ಬು, ಹೊಟ್ಟೆಯ ಗೆರೆ ಎಲ್ಲ ನೋಡಿ ಕೇಳಿದರು.

"ಯಾವ ಗುಳಿಗೆ ತಗೊಳ್ತೀರಿ?"

"ಯಾವೂ ಇಲ್ರಿ."

"ನಾಟಿ ಔಷಧಿ? ಮೈ ಬರಲಿ ಅಂತ ಪುಡಿ?"

"ಇಲ್ರಿ."

"ಏನು ಕೆಲಸ ಮಾಡ್ತೀರಿ?"

"ಮನಿ ಕೆಲಸ."

ಅವರು ನಂಬಲಿಲ್ಲ ಅಂತ ನನಗೆ ಗೊತ್ತಾಯಿತು. ಬೈಯಲೂ ಇಲ್ಲ. ಪಕ್ಕದ ಮಂಚದವಳನ್ನು ನೋಡಲು ಹೋದರು. ಅಷ್ಟರಲ್ಲಿ ನರ್ಸು ಬಂದು ಹೊಟ್ಟೆಯ ಗುಳಿಗೆಯ ಒಂದು ಶೀಟು ನನ್ನ ಕೈಗಿಟ್ಟು, "ಒಂದು ತಗೋರಿ," ಎಂದು ಹೋದಳು. ಎರಡೂ ಕಡೆ ತಗಡಿನ ಶೀಟು ಅದು. ನನ್ನ ಕೈ ತಾನಾಗಿ ಬಾಯಿಗೆ ಹೋಯಿತು. ಕಟ್ ಅಂತ ಮೂಲೆ ಕಚ್ಚಿದೆ, ಹರಿದೆ, ಗುಳಿಗೆ ಮಡಿಲಿಗೆ ಬಿತ್ತು. ಒಂದರಲ್ಲಿ ನಿಲ್ಲಲಿಲ್ಲ. ಎರಡು, ಮೂರು, ಹತ್ತೂ ಬಿಡಿಸಿದೆ. ಖಾಲಿ ತಗಡನ್ನು ನೀಟಾಗಿ ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಮುಂದಿನ ಶೀಟಿಗೆ ಕೈ ಚಾಚಿದೆ. ಅಲ್ಲಿ ಶೀಟು ಇರಲಿಲ್ಲ. ಡಾಕ್ಟ್ರಮ್ಮ ನಿಂತಿದ್ದರು.

ಸ್ಟೂಲು ಎಳೆದುಕೊಂಡು ಕೂತರು. "ಹುಲಿಗೆಮ್ಮಾ, ಇದನ್ನ ಎಷ್ಟು ದಿನದಿಂದ ಮಾಡ್ತಿದ್ದೀರಿ?"

ಹೇಳಿದೆ. ಚೀಲ, ತಗಡು, ಸಣ್ಣ ಬಿಳಿ ಗುಳಿಗೆ, ಕಹಿ ಪುಡಿ, ಎಲ್ಲ. ಅವರು ಸಣ್ಣ ಗುಳಿಗೆಯ ಹೆಸರು ಹೇಳಿಸಿದರು. ಎಸ್ಸೆಸ್ಸೆಲ್ಸಿ ಪಾಸಾದವಳು ನಾನು, ದಿನಾ ಕಣ್ಣಿಗೆ ಬಿದ್ದ ಹೆಸರು ನೆನಪಿತ್ತು. ಸ್ಟೀರಾಯ್ಡ್ ಅಂದರು. ಅದು ಬಾಯಿಂದ, ಉಸಿರಿಂದ ದಿನವೂ ಒಳಗೆ ಹೋಗಿ ಹೋಗಿ, ಮೈಯೊಳಗೇ ಹುಟ್ಟಬೇಕಾದ ಅಂಥದ್ದೇ ಒಂದು ರಸವನ್ನು ನನ್ನ ಮೈ ಮಾಡಿಕೊಳ್ಳುವುದೇ ಬಿಟ್ಟಿದೆ. ಹೊರಗಿನಿಂದ ಬರುವುದು ಒಮ್ಮೆಗೇ ನಿಂತಾಗ ಕುಸಿದೆ. ಅವರು ಹೇಳಿದ್ದರಲ್ಲಿ ನನಗೆ ತಿಳಿದದ್ದು ಇಷ್ಟು. ಇನ್ನು ಮೇಲೆ ಅದೇ ಜಾತಿಯ ಗುಳಿಗೆಯನ್ನು ಲೆಕ್ಕ ಹಾಕಿ ನುಂಗುತ್ತಾ, ಇಳಿಸುತ್ತಾ ಬರಬೇಕು. ತಿಂಗಳುಗಟ್ಟಲೆ.

ಹೊರಡುವ ಮೊದಲು ಕೇಳಿದರು. "ಮನೇಲಿ ಇನ್ಯಾರು ಈ ಕೆಲಸ ಮಾಡ್ತಿದ್ದರು?"

"ಯಾರೂ ಇಲ್ರಿ. ನಾ ಒಬ್ಬಾಕಿನೇ."

ಅವತ್ತು ಸಂಜೆ ನಮ್ಮ ಮನೆಯವರು ಫೋನು ತಂದು ಕಿವಿಗೆ ಹಿಡಿದರು. "ಅವ್ವ ನಿನ್ನ ಕೂಡ ಮಾತಾಡ್ತಾಳಂತ." ಸಿರಿಗೇರಿಯಿಂದ ಅತ್ತೆ. ದನಿ ಬಾವಿಯೊಳಗಿಂದ ಬಂದಂತಿತ್ತು. ಊಟ ಸೇರುವುದಿಲ್ಲ, ಎದ್ದರೆ ಕಣ್ಣು ಕತ್ತಲೆ, ಮೊಣಕಾಲು ಮತ್ತೆ ಹಿಡಿದಿದೆ, ನಿನ್ನೆ ಎರಡು ಸಲ ವಾಂತಿ. ಆಮೇಲೆ ಕೇಳಿದಳು.

"ಹುಲಿಗಿ, ನಿಂಗೂ ಹಿಂಗ ಆಗಿತ್ತೇನ?"

ನಾನು ಸುಮ್ಮನಾದೆ. ನನಗೆ ಎಲ್ಲ ಗೊತ್ತಿತ್ತು. ಆ ಮಧ್ಯಾಹ್ನವೇ ಡಾಕ್ಟ್ರಮ್ಮ ಬಿಡಿಸಿ ಹೇಳಿದ್ದರು. ಕೊನೆಗೆ ನಾನು ಹೇಳಿದ್ದು, "ಮಲಕೋರಿ ಅತ್ತಿ. ಆರಾಮಾಗ್ತೈತಿ."

ಯಾಕೆ ಹಾಗಂದೆ? ಕಾರಣ ಹುಡುಕಿದರೆ ಸಿಗುತ್ತವೆ. ಆಣೆ ಇತ್ತು. ಕೇಸಿನ ಹೆದರಿಕೆ ಇತ್ತು. ಒಬ್ಬಳೇ ಅಂತ ಒಮ್ಮೆ ಹೇಳಿದ ಮೇಲೆ ಡಾಕ್ಟ್ರಮ್ಮನ ಮುಂದೆ ಸುಳ್ಳಿ ಅನಿಸಿಕೊಳ್ಳುವ ನಾಚಿಕೆ ಇತ್ತು. ಆದರೆ ಇವೆಲ್ಲ ಆಮೇಲೆ ಜೋಡಿಸಿಕೊಂಡವು. ಆವಾಗ ನನಗೆ ಏನೂ ಅನಿಸಲಿಲ್ಲ, ಇದೇ ನಿಜ. ಅತ್ತೆ ಸಾಯಬಹುದು ಅನ್ನುವುದು ಗೊತ್ತಿದ್ದೂ, ಅದು ಯಾರದೋ ಮನೆಯ ಸುದ್ದಿ ಎಂಬಂತೆ ಕೇಳಿಸಿಕೊಂಡು ಗೋಡೆ ಕಡೆ ತಿರುಗಿ ಮಲಗಿದೆ. ಮಾರನೇ ದಿನವೂ ಹೇಳಲಿಲ್ಲ. ರೌಂಡಿಗೆ ಬಂದ ಡಾಕ್ಟ್ರಮ್ಮ "ಹೇಗಿದ್ದೀರಿ?" ಅಂದರು, "ಆರಾಮದೀನ್ರಿ," ಅಂದೆ. ಈ ರೋಗ ನನಗೆ ಮಾಡಿದ್ದರಲ್ಲಿ ಅತಿ ಕೆಟ್ಟದ್ದು ಗುಂಡು ಮುಖವಲ್ಲ, ಇದು. ರೋಗದ ಮೇಲೆ ಹಾಕುವುದು ಸುಲಭ ಅಂತಲೂ ನನಗೆ ಗೊತ್ತು.

ಮೂರನೇ ದಿನ ನರ್ಸು ಒಂದು ಕಾರ್ಡು ತಂದುಕೊಟ್ಟಳು. ನನ್ನ ಹೆಸರು, ಗುಳಿಗೆಯ ಹೆಸರು, ಕೆಳಗೆ ಕೆಂಪು ಪೆನ್ನಿನಲ್ಲಿ ಡಾಕ್ಟ್ರಮ್ಮನ ಕೈಬರಹ: "ಈ ಮಾತ್ರೆಯನ್ನು ದಿಢೀರನೆ ನಿಲ್ಲಿಸಿದರೆ ಜೀವಕ್ಕೆ ಅಪಾಯ." ಯಾವಾಗಲೂ ಸೆರಗಿನಲ್ಲಿ ಕಟ್ಟಿಕೊಂಡಿರಿ ಅಂದಳು. ಓದಿದೆ. ಇನ್ನೊಮ್ಮೆ ಓದಿದೆ. ಬಾಯಿಮಾತಲ್ಲಿ ಕೇಳಿದ್ದು ತಾಗಿರಲಿಲ್ಲ, ಬರೆದದ್ದು ಓದಿದಾಗ ಮಾತ್ರ ಇದು ಇಬ್ಬರ ಕಾರ್ಡು ಅನಿಸಿತು. ನನಗೊಂದು ಸಿಕ್ಕಿದೆ, ಅತ್ತೆಯ ಹತ್ತಿರ ಇಲ್ಲ. ಸಲೈನು ಕೋಲನ್ನು ತಳ್ಳಿಕೊಂಡೇ ಡಾಕ್ಟ್ರಮ್ಮನ ಕೋಣೆಗೆ ಹೋದೆ.

"ನಮ್ಮತ್ತೀನೂ ಸುಲೀತಿದ್ರು ರೀ. ಮೂರು ದಿನದಿಂದ ವಾಂತಿ ಐತಿ. ನಂಗ ಗೊತ್ತಿತ್ತು, ನಾ ಹೇಳಲಿಲ್ಲ."

ಅವರು ಒಂದೇ ಪ್ರಶ್ನೆ ಕೇಳಿದರು. "ಈಗ ಎಲ್ಲಿದ್ದಾರೆ?"

ಸಿರಿಗೇರಿಯಿಂದ ಬಳ್ಳಾರಿಗೆ ತರುವಷ್ಟು ಹೊತ್ತು ಕಾಯಬಾರದು ಅಂದರು. ಅಲ್ಲಿಗೆ ಹತ್ತಿರದ ಸಿರುಗುಪ್ಪದ ಆಸ್ಪತ್ರೆಯ ಡ್ಯೂಟಿ ಡಾಕ್ಟರಿಗೆ ತಾವೇ ಫೋನು ಮಾಡಿ, ಯಾವ ಇಂಜೆಕ್ಷನ್ನು ಕೊಡಬೇಕೆಂದು ಎರಡು ಸಲ ಹೇಳಿದರು. ನಾದಿನಿಯ ಗಂಡ ಅತ್ತೆಯನ್ನು ಎತ್ತಿಕೊಂಡು ಅಲ್ಲಿಗೆ ಹೋದ. ಹೋಗುವ ಹೊತ್ತಿಗೆ ಅವಳಿಗೆ ಕರೆದರೆ ಓ ಅನ್ನುವ ಎಚ್ಚರ ಇರಲಿಲ್ಲವಂತೆ. ಇಂಜೆಕ್ಷನ್ನು ಬಿದ್ದ ಮೇಲೆ, ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, "ಇದು ಆಸ್ಪತ್ರಿ ಏನು?" ಅಂತ ಕೇಳಿ, ಹೌದು ಅಂದಾಗ ಅಳಿಯನನ್ನು ಬೈದಳಂತೆ. ಆ ಬೈಗುಳದ ಸುದ್ದಿ ಫೋನಿನಲ್ಲಿ ಕೇಳಿ ನಮ್ಮ ಮನೆಯವರು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತರು. ನಾನು ಅವರ ಪಕ್ಕ ಕೂತಿದ್ದೆ. ನನಗೆ ಆಗಲೂ ಅಳು ಬರಲಿಲ್ಲ.

ಮಾರನೇ ದಿನ ಅತ್ತೆಯನ್ನು ಬಳ್ಳಾರಿಗೆ ತಂದು ನನ್ನದೇ ವಾರ್ಡಿನಲ್ಲಿ ಹಾಕಿದರು. ವಾರದ ಕೊನೆಗೆ ಮಾಲಿನ್ಯದ ಆಫೀಸಿನಿಂದ ಒಬ್ಬರು ಹೇಳಿಕೆ ತೆಗೆದುಕೊಳ್ಳಲು ಬಂದರು. ಡಾಕ್ಟ್ರಮ್ಮನೇ ಬರೆದು ತಿಳಿಸಿದ್ದರು. ಹೆದರಿಸುವವರು ಬರುತ್ತಾರೆ ಅಂದುಕೊಂಡಿದ್ದೆ. ಬಂದವರು ನಡುವಯಸ್ಸಿನ, ಬೆವರಿ ಒದ್ದೆಯಾದ ಮನುಷ್ಯ. ಫಾರಮ್ಮಿನಲ್ಲಿ ಒಂದೊಂದೇ ತುಂಬಿಸಿಕೊಂಡರು. ಕಸ ಯಾವುದು, ತೂಕ ಎಷ್ಟು, ಯಾವ ಚರಂಡಿಗೆ ಬಿಟ್ಟಿರಿ, ತಂದವರು ಯಾರು. ಇಂಥ ಕಸವನ್ನು ಮುಚ್ಚಿದ ಕುಲುಮೆಯಲ್ಲಿ ಸುಡಬೇಕು, ಮನೆಗೆ ತರುವಂತೆಯೇ ಇಲ್ಲ ಅಂದರು. ಶೇಷಪ್ಪನ ಹೆಸರು ಹೇಳಿದೆ. ನಮ್ಮ ಮೇಲೂ ಕೇಸು ಆಗುತ್ತದೇನು ಅಂತ ಕೇಳಿದೆ. "ಅಷ್ಟೊತ್ತಿಗೆ ನೋಡೋಣಮ್ಮ," ಅಂದರು. ಆ ಮಾತಿಗೆ ಏನರ್ಥವೋ ಇನ್ನೂ ಗೊತ್ತಾಗಿಲ್ಲ. ಶೇಷಪ್ಪನ ಅಂಗಡಿಗೆ ಬೀಗ ಹಾಕಿದ್ದಾರೆ. ಅವನು ಊರಲ್ಲಿಲ್ಲ.

ಎಲ್ಲ ತುಂಬಿದ ಮೇಲೆ ಆ ಮನುಷ್ಯ ಫಾರಮ್ಮನ್ನು ಹಿಂದೆ ಮುಂದೆ ತಿರುಗಿಸಿದರು. ನೀರಿಗೆ ಜಾಗವಿತ್ತು, ಮಣ್ಣಿಗೆ ಜಾಗವಿತ್ತು. "ನಿಮ್ಮಿಬ್ಬರನ್ನ ಎಲ್ಲಿ ಬರೀಲಿ ಇದರಾಗ?" ಅಂತ ತಮಗೆ ತಾವೇ ಕೇಳಿಕೊಂಡು, ಕೊನೆಗೆ ಅಂಚಿನ ಖಾಲಿ ಜಾಗದಲ್ಲಿ ಅಡ್ಡಡ್ಡ ಬರೆದರು: ಈರಮ್ಮ, ಹುಲಿಗೆಮ್ಮ, ಇಬ್ಬರೂ ಅಸ್ವಸ್ಥರು. ಬರೆದದ್ದನ್ನು ಓದಿ ತೋರಿಸಿದರು. ಆ ಒಂದು ಕೆಲಸಕ್ಕೆ ನಾನು ಅವರಿಗೆ ಋಣಿ.

ಈಗ ಏಳು ತಿಂಗಳಾಗಿದೆ. ಬೆಳಿಗ್ಗೆ ಎದ್ದ ಕೂಡಲೇ ನಾವಿಬ್ಬರೂ ಚಹಾಕ್ಕೆ ಮುಂಚೆ ಒಂದೊಂದು ತುತ್ತು ರೊಟ್ಟಿ ತಿಂದು ಗುಳಿಗೆ ನುಂಗುತ್ತೇವೆ. ಶೀಟು ಬಿಡಿಸಲು ಕತ್ತರಿ ಇಟ್ಟುಕೊಂಡಿದ್ದೇನೆ. ಎರಡು ಸಲ ಗುಳಿಗೆಯ ಲೆಕ್ಕ ಇಳಿಸಿದ್ದಾರೆ. ನನ್ನ ಮುಖ ನನ್ನ ಮುಖದಂತೆ ಆಗುತ್ತಿದೆ, ಮುಟ್ಟು ಬಂದಿದೆ, ಸಕ್ಕರೆ ಇಳಿದಿದೆ. ಗಲ್ಲಿಯವರು, "ಯಾಕ ಹುಲಿಗೆಮ್ಮ, ಸೊರಗೀದಿ," ಅನ್ನುತ್ತಾರೆ. ನಾನು ಆಟೊ ಸೀಟಿನ ಕವರು ಹೊಲಿಯುವ ಕೆಲಸ ಹಿಡಿದಿದ್ದೇನೆ.

ಇದನ್ನು ಬರೆಯಲು ಕೂತದ್ದು ನಮ್ಮಂಥವರು ಇನ್ನೂ ಎಲ್ಲೋ ಕೂತು ಏನನ್ನೋ ಸುಲಿಯುತ್ತಿರುತ್ತಾರೆ ಅಂತ. ಡಾಕ್ಟರು ಏನು ನುಂಗುತ್ತೀರಿ ಅಂತ ಕೇಳುತ್ತಾರೆ. ಕೈ ಏನು ಮಾಡುತ್ತದೆ ಅನ್ನುವುದನ್ನು ನಾವೇ ಹೇಳಬೇಕು. ಪಕ್ಕದಲ್ಲಿ ಕೂತವರ ಹೆಸರನ್ನೂ ಹೇಳಬೇಕು, ಆಣೆ ಇದ್ದರೂ.

ಕಳೆದ ವಾರ ಅತ್ತೆಯ ಮೊಣಕಾಲು ಪೂರ್ತಿ ಹಿಡಿದುಕೊಂಡಿತು. ಗುಳಿಗೆ ಕಡಿಮೆಯಾದಷ್ಟೂ ಅದು ಹೆಚ್ಚಾಗುತ್ತದೆ ಅಂತ ಡಾಕ್ಟ್ರಮ್ಮ ಮೊದಲೇ ಹೇಳಿದ್ದರು. ಹೊಸ್ತಿಲ ಮೇಲೆ ಕಾಲು ಚಾಚಿ ಕೂತು ಬೆಳಿಗ್ಗೆಯಿಂದ ನರಳುತ್ತಿದ್ದಳು. ಎಳ್ಳೆಣ್ಣೆ ಬಿಸಿ ಮಾಡಿ ತಂದು ಕಾಲ ಬಳಿ ಕೂತೆ. ಕೈ ಇಡುವ ಮುಂಚೆ ಹೇಳಿಬಿಟ್ಟೆ.

"ಅತ್ತಿ, ನೀವು ಫೋನ್ ಮಾಡಿದಾಗ ನಂಗ ಎಲ್ಲಾ ಗೊತ್ತಿತ್ತು. ಎರಡು ದಿನ ಸುಮ್ಮನಿದ್ದೆ."

ಅವಳು ರಸ್ತೆ ನೋಡುತ್ತಿದ್ದಳು. "ನಂಗ ಆವಾಗ್ಲೇ ತಿಳೀತು. ಹಿಂಗ ಆಗಿತ್ತೇನ ಅಂದಾಗ ನೀ ಸುಮ್ಮನಾದೆಲ್ಲ, ಆವಾಗ್ಲೇ."

"ಮತ್ತ ಯಾಕ ಕೇಳಲಿಲ್ಲ ನನ್ನ?"

"ಏನ್ ಕೇಳ್ಲಿ? ಆಣಿ ಹಾಕಿದಾಕಿ ನಾನು. ತಳ್ಳಿದಾಕೀನೂ ನಾನು, ಗಟ್ಟಿ ಇದ್ದವನ್ನೆಲ್ಲ ನಿನ್ನ ಕಡೀಗೆ."

ನಾನು ಮೊಣಕಾಲಿಗೆ ಎಣ್ಣೆ ಹಚ್ಚಿ ಮೆಲ್ಲಗೆ ತಿಕ್ಕತೊಡಗಿದೆ. ಕಾಲು ಬಿಸಿಯಾಗಿತ್ತು, ಊದಿತ್ತು. ಹೆಬ್ಬೆರಳು ತಾಗಿದ ಕಡೆ ಅವಳು ಹಲ್ಲಿಲ್ಲದ ಬಾಯಿ ಬಿಗಿಹಿಡಿದಳು. ನನ್ನ ಕಣ್ಣಿಂದ ನೀರು ಅವಳ ಕಾಲಿನ ಎಣ್ಣೆಯ ಮೇಲೆ ಬಿತ್ತು, ಇನ್ನೊಂದು ಹನಿ ಬಿತ್ತು, ಆಮೇಲೆ ನಿಲ್ಲಲಿಲ್ಲ. ಒಂದೂವರೆ ವರ್ಷದ್ದು. ಅವಳು ನೋಡಿದಳು. ಕಾಲನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು.

"ಗಟ್ಟಿ ಒತ್ತಲೇ, ಸತ್ತಿಲ್ಲ ನಾನು."

ಗಟ್ಟಿಯಾಗಿ ಒತ್ತಿದೆ.